ಹದಿಹರೆಯದ ಮಕ್ಕಳು ಮತ್ತು ಮಾರುಕಟ್ಟೆಯ ಮಾತು

(ಪಾಯಾ ಲೆಬಾರ್‌ನಲ್ಲಿ ನಡೆದ ಸದಸ್ಯರ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಈ ವಿಷಯವನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ಕೇಳಿದಾಗ ನಾವು ಮೊದಲು ಹಿಂಜರಿದೆವು. ನಾವು ಮನಶ್ಶಾಸ್ತ್ರಜ್ಞರಲ್ಲ, ಶಿಕ್ಷಣತಜ್ಞರೂ ಅಲ್ಲ. ಹೊಟ್ಟೆಪಾಡಿಗಾಗಿ ತಿಂಡಿ ತಿನಿಸುಗಳ ಪೊಟ್ಟಣಗಳಿಗೆ ಹೊದಿಕೆ ಮುದ್ರಿಸುವ ಕೆಲಸದಲ್ಲಿರುವವರು. ಯಾವ ಕೆಂಪು ಬಣ್ಣ ಅಂಗಡಿಯ ಕಪಾಟಿನಲ್ಲಿ ಮಗುವಿನ ಕಣ್ಣಿಗೆ ಮೊದಲು ಬೀಳುತ್ತದೆ ಎಂಬ ಚರ್ಚೆಯಲ್ಲಿ ಸಂಬಳ ಪಡೆದು ಭಾಗವಹಿಸಿದವರು. ಅಂಥವರು ಜಾಹೀರಾತಿನ ಹಾವಳಿಯ ವಿರುದ್ಧ ಉಪನ್ಯಾಸ ಕೊಡುವುದೆಂದರೆ ಬೇಲಿಯೇ ಎದ್ದು ಹೊಲದ ಕ್ಷೇಮದ ಬಗ್ಗೆ ಭಾಷಣ ಮಾಡಿದಂತಾದೀತು. ಆದರೂ ನಮಗೆ ಹದಿನಾಲ್ಕು ವರ್ಷದ ಮಗಳೊಬ್ಬಳಿದ್ದಾಳೆ. ತಂದೆಯಾಗಿ ಕಂಡದ್ದನ್ನು ಹೇಳಬಹುದೆಂಬ ಧೈರ್ಯದಿಂದ ಒಪ್ಪಿಕೊಂಡೆವು.

ನಾವು ಸೇರಿರುವ ಈ ಸ್ಥಳದಿಂದಲೇ ಆರಂಭಿಸೋಣ. ಮಲಯ ಭಾಷೆಯಲ್ಲಿ 'ಪಾಯಾ' ಎಂದರೆ ಜೌಗು ನೆಲ, 'ಲೆಬಾರ್' ಎಂದರೆ ಅಗಲವಾದದ್ದು. ಒಂದು ಕಾಲಕ್ಕೆ ಜೌಗಾಗಿದ್ದ ಈ ಪ್ರದೇಶಕ್ಕೆ 1955ರಲ್ಲಿ ವಿಮಾನನಿಲ್ದಾಣ ಬಂತು. 1981ರಲ್ಲಿ ಚಾಂಗಿ ತೆರೆಯುವವರೆಗೆ ಸಿಂಗಪುರಕ್ಕೆ ವಿಮಾನದಲ್ಲಿ ಬರುವವರೆಲ್ಲ ಇಳಿಯುತ್ತಿದ್ದುದು ಪಾಯಾ ಲೆಬಾರ್‌ನಲ್ಲೇ. ಈ ದ್ವೀಪದ ತರುಣರಿಗೆ ಹೊಸ ಹಾಡು, ಹೊಸ ಉಡುಪು, ಹೊಸ ಕೇಶವಿನ್ಯಾಸ ಹೊರಗಿನಿಂದ ಬರುವುದಕ್ಕೂ ಇದೇ ಹೆಬ್ಬಾಗಿಲು. 1961ರಲ್ಲಿ ಇಂಗ್ಲೆಂಡಿನ ಕ್ಲಿಫ್ ರಿಚರ್ಡ್ ಮತ್ತು ಅವರ ಶ್ಯಾಡೋಸ್ ತಂಡ ಗೇಲಾಂಗಿನ ಹ್ಯಾಪಿ ವರ್ಲ್ಡ್ ಕ್ರೀಡಾಂಗಣದಲ್ಲಿ ಹಾಡಿತು. ಅದಾದ ಮೇಲೆ ಇಲ್ಲಿಯ ಹುಡುಗರು ಕೇರಿಕೇರಿಗಳಲ್ಲಿ ಗಿಟಾರು ಹಿಡಿದು ತಂಡ ಕಟ್ಟಿದರೆಂದು ಹಳಬರು ಇಂದಿಗೂ ನೆನೆಯುತ್ತಾರೆ.

ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಉದ್ದ ಕೂದಲಿನ ವಿರುದ್ಧ ಒಂದು ಸಮರವೇ ನಡೆಯಿತು. ಉದ್ದ ಕೂದಲು ಬಿಟ್ಟ ಗಂಡಸರಿಗೆ ಕೊನೆಯಲ್ಲಿ ಸೇವೆ ಎಂಬ ಫಲಕಗಳು ಸರ್ಕಾರಿ ಕಚೇರಿಗಳಲ್ಲಿ ತೂಗಿದವು. ಎಷ್ಟು ಉದ್ದವಾದರೆ ಉದ್ದ ಎಂಬುದಕ್ಕೆ ಚಿತ್ರಸಹಿತ ವಿವರಣೆಯೂ ಇರುತ್ತಿತ್ತು. ಕೂದಲು ಕತ್ತರಿಸಿಕೊಳ್ಳಲು ಒಪ್ಪದ ಪ್ರವಾಸಿಗಳಿಗೆ ದೇಶದೊಳಗೆ ಪ್ರವೇಶ ದೊರೆಯದ ಪ್ರಸಂಗಗಳು ನಡೆದವು. 1972ರಲ್ಲಿ ಲೆಡ್ ಜೆಪ್ಪೆಲಿನ್ ಎಂಬ ಜಗತ್ಪ್ರಸಿದ್ಧ ತಂಡದ ಕಾರ್ಯಕ್ರಮ ಇದೇ ಕೂದಲಿನ ಕಾರಣಕ್ಕೆ ರದ್ದಾಯಿತು. ಅಂದಿನ ಆಡಳಿತಗಾರರ ಉದ್ದೇಶ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ನಮಗೆ ಮುಖ್ಯವೆನಿಸುವುದು ಇಷ್ಟೇ: ಆಗ ಒಂದು ಬಾಗಿಲಿತ್ತು, ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದ. ಬರುವುದು ಏನೆಂದು ಅವನಿಗೆ ಕಣ್ಣಿಗೆ ಕಾಣುತ್ತಿತ್ತು.

ಇಂದು ಆ ವಿಮಾನನಿಲ್ದಾಣ ವಾಯುಸೇನೆಯ ನೆಲೆ. 2019ರಲ್ಲಿ ಮೆಟ್ರೋ ನಿಲ್ದಾಣದ ಮಗ್ಗುಲಲ್ಲೇ ದೊಡ್ಡ ವ್ಯಾಪಾರ ಮಳಿಗೆ ತೆರೆಯಿತು. ಶನಿವಾರ ಸಂಜೆ ಅಲ್ಲಿ ನಡೆದು ನೋಡಿದರೆ ಶಾಲಾ ಮಕ್ಕಳ ಗುಂಪುಗಳು ಕಾಣುತ್ತವೆ. ಕೈಯಲ್ಲಿ ಸಕ್ಕರೆ ತುಂಬಿದ ಚಹಾದ ಲೋಟ, ಚೀಲಕ್ಕೆ ತೂಗುಬಿಟ್ಟ ಒಂದು ಗೊಂಬೆ, ಕಣ್ಣು ಫೋನಿನ ಮೇಲೆ. ಯುವಸಂಸ್ಕೃತಿ ಈಗ ವಿಮಾನದಿಂದ ಇಳಿಯುವುದಿಲ್ಲ. ಮಗುವಿನ ಜೇಬಿನೊಳಗೆ ಹುಟ್ಟಿ ಅಲ್ಲಿಯೇ ಬೆಳೆಯುತ್ತದೆ. ಕಾವಲುಗಾರನ ಉದ್ಯೋಗ ತಾಯಿತಂದೆಯರ ಪಾಲಿಗೆ ಬಂದಿದೆ, ಆದರೆ ಬಾಗಿಲೆಲ್ಲಿದೆಯೆಂದು ಯಾರೂ ಅವರಿಗೆ ತೋರಿಸಿಲ್ಲ.

ಹದಿಹರೆಯ ಎಂಬ ವಯಸ್ಸು ಪ್ರಕೃತಿ ಕೊಟ್ಟದ್ದು. ಅದನ್ನೊಂದು ಮಾರುಕಟ್ಟೆಯಾಗಿ ಗುರುತಿಸಿದ್ದು ಮಾತ್ರ ತೀರ ಈಚಿನ ಸಂಗತಿ. ಅಮೆರಿಕದಲ್ಲಿ 'ಸೆವೆಂಟೀನ್' ಎಂಬ ಪತ್ರಿಕೆ ಹದಿಹರೆಯದ ಹುಡುಗಿಯರಿಗಾಗಿಯೇ 1944ರಲ್ಲಿ ಹೊರಟಿತು. ಈ ವಯಸ್ಸಿನವರಿಗೆ ತಮ್ಮದೇ ಖರ್ಚಿನ ಹಣವುಂಟು, ತಮ್ಮದೇ ರುಚಿಯುಂಟು ಎಂದು ವ್ಯಾಪಾರಿಗಳು ಕಂಡುಕೊಂಡ ಕಾಲ ಅದು. 1957ರಲ್ಲಿ ವ್ಯಾನ್ಸ್ ಪ್ಯಾಕಾರ್ಡ್ ಎಂಬ ಲೇಖಕರು ಜಾಹೀರಾತುಗಾರರು ಮನಶ್ಶಾಸ್ತ್ರವನ್ನು ಹೇಗೆ ಬಳಸಿಕೊಳ್ಳುತ್ತಾರೆಂದು ಒಂದು ಗ್ರಂಥವನ್ನೇ ಬರೆದು ಎಚ್ಚರಿಸಿದರು. ಗ್ರಂಥ ಚೆನ್ನಾಗಿ ಮಾರಾಟವಾಯಿತು. ಜಾಹೀರಾತುಗಾರರೂ ಕೊಂಡು ಓದಿರಬೇಕು.

ಇದೆಲ್ಲ ಹೊರದೇಶದ ಕಥೆ, ನಾವು ಸರಳವಾಗಿ ಬೆಳೆದವರು ಎಂದು ನಮ್ಮ ಪೀಳಿಗೆಯವರು ಮಕ್ಕಳ ಮುಂದೆ ಹೇಳಿಕೊಳ್ಳುವುದುಂಟು. ಈ ಸಭೆಯಲ್ಲಿರುವ ನಲವತ್ತೈದರ ಆಸುಪಾಸಿನವರನ್ನು ನಾವೊಂದು ಪ್ರಶ್ನೆ ಕೇಳುತ್ತೇವೆ. 1999ರ ಬೇಸಿಗೆಯಲ್ಲಿ ತಾವು ಎಷ್ಟು ಬಿಸ್ಕತ್ತು ತಿಂದಿರಿ? ಇಂಗ್ಲೆಂಡಿನಲ್ಲಿ ವಿಶ್ವಕಪ್ ಕ್ರಿಕೆಟ್ ನಡೆದ ವರ್ಷ ಅದು. ಬ್ರಿಟಾನಿಯಾದವರು, ಬಿಸ್ಕತ್ತು ತಿನ್ನಿ, ವಿಶ್ವಕಪ್ ನೋಡಲು ಹೋಗಿ ಎಂದು ಆಹ್ವಾನ ಕೊಟ್ಟಿದ್ದರು. ಹೊದಿಕೆಗಳ ಮೇಲಿನ ಅಂಕಗಳನ್ನು ಕೂಡಿಸಿ ನೂರು ಮುಟ್ಟಿಸಿದರೆ ಒಂದು ಪುಸ್ತಿಕೆ ಸಿಗುತ್ತಿತ್ತು. ಅದರಲ್ಲಿ ಉಜ್ಜಿ ನೋಡುವ ಅದೃಷ್ಟದ ಚೀಟಿ. ನಾವಾಗ ತೀರ್ಥಹಳ್ಳಿಯಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿ ಕುಳಿತಿದ್ದೆವು. ಬಸ್ ನಿಲ್ದಾಣದ ಕಸದ ಬುಟ್ಟಿಯಿಂದ ಹೊದಿಕೆ ಹೆಕ್ಕಿದ್ದೇವೆ. ತಮ್ಮನೊಡನೆ ಒಂದು ಹೊದಿಕೆಗಾಗಿ ಕೈಕೈ ಮಿಲಾಯಿಸಿದ್ದೇವೆ. ಆ ಪಂದ್ಯಾವಳಿಯಲ್ಲಿ ನಮ್ಮ ರಾಹುಲ್ ದ್ರಾವಿಡ್ 461 ರನ್ನು ಗಳಿಸಿ ಎಲ್ಲರಿಗಿಂತ ಮುಂದಿದ್ದರು. ತಂದೆಯವರು ಕಿಸಾನ್ ಸಂಸ್ಥೆಯಲ್ಲಿ ಉದ್ಯೋಗಿಯಾಗಿದ್ದ ಕಾರಣ ಅವರಿಗೆ 'ಜ್ಯಾಮಿ' ಎಂಬ ಅಡ್ಡಹೆಸರು ಬಂದ ಸಂಗತಿ ತಮಗೆ ಗೊತ್ತೇ ಇದೆ. ನಮ್ಮ ಕಾಲದ ಅತ್ಯಂತ ಸಂಭಾವಿತ ಆಟಗಾರನ ಅಡ್ಡಹೆಸರೂ ಒಂದು ಶೀಸೆಯಿಂದಲೇ ಬಂದದ್ದು!

ಪೆಪ್ಸಿ, ಕೋಕಾಕೋಲಾಗಳ ಪೈಪೋಟಿಯೂ ನಮ್ಮದೇ ಕಾಲದ್ದು. 1996ರ ವಿಶ್ವಕಪ್ಪಿಗೆ ಕೋಕಾಕೋಲಾ ಅಧಿಕೃತ ಪಾನೀಯವಾದಾಗ, ಅಧಿಕೃತವಾದುದರಲ್ಲಿ ಏನಿದೆ ಎಂದು ಪೆಪ್ಸಿ ಅಣಕಿಸಿತು. ತರುಣರು ಪೆಪ್ಸಿಯ ಪಕ್ಷ ವಹಿಸಿದರು. ಬಂಡಾಯವನ್ನೂ ಬಾಟಲಿಯಲ್ಲಿ ತುಂಬಿ ಮಾರಬಹುದೆಂದು ನಮಗಾಗ ಹೊಳೆಯಲಿಲ್ಲ. ಬೆಂಗಳೂರಿನ ಹುಡುಗರು ಕೇಬಲ್ಲಿನಲ್ಲಿ ನೋಡುತ್ತಿದ್ದ ಎಂಟಿವಿ ವಾಹಿನಿ 1995ರಿಂದ ತನ್ನ ಏಷ್ಯಾದ ಕಾರ್ಯಾಲಯವನ್ನು ಇಟ್ಟುಕೊಂಡದ್ದು ಇದೇ ಸಿಂಗಪುರದಲ್ಲಿ. ಉದ್ದ ಕೂದಲಿನವರನ್ನು ಒಳಗೆ ಬಿಡದಿದ್ದ ಊರು ಇಪ್ಪತ್ತಮೂರು ವರ್ಷಗಳಲ್ಲಿ ಏಷ್ಯಾದ ತರುಣರಿಗೆ ಅದೇ ಉದ್ದ ಕೂದಲನ್ನು ಆಕಾಶಮಾರ್ಗವಾಗಿ ರವಾನಿಸುವ ಕೇಂದ್ರವಾಯಿತು. ಕಾಲದ ವಿನೋದ ಎನ್ನೋಣ.

ಹಾಗಾದರೆ ಅಂದಿಗೂ ಇಂದಿಗೂ ಭೇದವೇ ಇಲ್ಲವೇ? ಇದೆ. ಅದನ್ನು ಹೇಳಲೆಂದೇ ಇಷ್ಟು ಪೀಠಿಕೆ ಹಾಕಿದೆವು.

ನಮ್ಮ ಮನೆಯಲ್ಲಿ ದೂರದರ್ಶನ ಪೆಟ್ಟಿಗೆ ಇದ್ದುದು ನಡುಮನೆಯಲ್ಲಿ. ಅದರ ಮುಂದೆ ಅಪ್ಪ, ಅಮ್ಮ, ನಾವು, ತಮ್ಮ ತಂಗಿ, ಪಕ್ಕದ ಮನೆಯ ಇಬ್ಬರು; ಮೂಲೆಯಲ್ಲಿ ಅಡಕೆಲೆ ಹಾಕುತ್ತಾ ಕುಳಿತ ನಮ್ಮ ಅಜ್ಜಿ. ಜಾಹೀರಾತು ಬಂದರೆ ಎಲ್ಲರಿಗೂ ಒಟ್ಟಿಗೆ ಬರುತ್ತಿತ್ತು. ಬಟ್ಟೆ ಒಗೆಯುವ ಪುಡಿಯ ಜಾಹೀರಾತಿನಲ್ಲಿ ಗೃಹಿಣಿಯೊಬ್ಬಳು ಬಿಳಿಯ ಅಂಗಿ ಹಿಡಿದು ನಲಿಯುತ್ತಿದ್ದಳು. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಹೇಳಿದ್ದರು: "ಇಷ್ಟು ನಗುತ್ತಾ ಬಟ್ಟೆ ಒಗೆಯುವವಳನ್ನು ಈ ಊರಲ್ಲಿ ನಾನೊಬ್ಬಳನ್ನೂ ಕಂಡಿಲ್ಲ." ಎಲ್ಲರೂ ನಕ್ಕೆವು. ಆ ನಗುವಿನಲ್ಲಿ ಜಾಹೀರಾತಿನ ಅರ್ಧ ಶಕ್ತಿ ಹೋಯಿತು. ಅಜ್ಜಿ ಅಕ್ಷರ ಬಲ್ಲವರಲ್ಲ. ಆದರೆ ಮಾರುವವನ ಮಾತಿಗೂ ಮನೆಯವರ ಮಾತಿಗೂ ಇರುವ ವ್ಯತ್ಯಾಸವನ್ನು ನಮಗೆ ಕಲಿಸಿದವರು ಅವರೇ, ಬೇರಾರೂ ಅಲ್ಲ.

ಇಂದು ನಮ್ಮ ಮನೆಯಲ್ಲಿ ಮೂವರಿದ್ದೇವೆ, ನಾಲ್ಕು ಪರದೆಗಳಿವೆ. ಮಗಳಿಗೆ ಬರುವ ಜಾಹೀರಾತು ನಮಗೆ ಬರುವುದಿಲ್ಲ. ನಮಗೆ ಬರುವುದು ಅವಳಿಗೆ ಬರುವುದಿಲ್ಲ. ಅವಳು ಯಾವ ಚಿತ್ರದ ಮುಂದೆ ಎಷ್ಟು ಹೊತ್ತು ತಡೆದಳು ಎಂಬುದನ್ನು ಗಣಿಸಿ ಮುಂದಿನದನ್ನು ಆರಿಸಿಕೊಡುವ ಯಂತ್ರಕ್ಕೆ ಅವಳ ಮನಸ್ಸಿನ ಪರಿಚಯ ನಮಗಿಂತ ಚೆನ್ನಾಗಿದೆ. ಅದಕ್ಕಿಂತ ಮುಖ್ಯವಾಗಿ, ಅದು ಜಾಹೀರಾತಿನಂತೆ ಕಾಣುವುದೇ ಇಲ್ಲ. ಅವಳಿಗಿಂತ ನಾಲ್ಕು ವರ್ಷ ದೊಡ್ಡವಳಾದ ಯಾರೋ ಹುಡುಗಿ ತನ್ನ ಕೋಣೆಯಲ್ಲಿ ಕುಳಿತು ಗೆಳತಿಯಂತೆ ಮಾತನಾಡುತ್ತಾಳೆ. ಮಾತಿನ ನಡುವೆ ಒಂದು ಮುಲಾಮು ಕೈಗೆ ಬರುತ್ತದೆ. ಮೂಲೆಯಲ್ಲಿ ಅಜ್ಜಿಯಿಲ್ಲ. ಇದ್ದರೂ ಆ ಪುಟ್ಟ ಪರದೆ ಅವರಿಗೆ ಕಾಣುವುದಿಲ್ಲ, ಆ ಭಾಷೆ ತಿಳಿಯುವುದಿಲ್ಲ. ನಾವು ಕಳೆದುಕೊಂಡದ್ದು ಹತೋಟಿಯನ್ನಲ್ಲ. ಹತೋಟಿ ನಮ್ಮ ತಂದೆಯವರ ಕೈಯಲ್ಲೂ ಇರಲಿಲ್ಲ. ಇದ್ದಿದ್ದರೆ ನಾವು ಕಸದ ಬುಟ್ಟಿಗೆ ಕೈ ಹಾಕುತ್ತಿರಲಿಲ್ಲ. ಕಳೆದುಕೊಂಡದ್ದು ಆ ಮೂಲೆಯ ಮಾತನ್ನು.

ಕಳೆದ ವರ್ಷಗಳಲ್ಲಿ ತಾವೆಲ್ಲರೂ ಕಂಡ ಲಬುಬು ಗೊಂಬೆಯನ್ನೇ ತೆಗೆದುಕೊಳ್ಳಿ. ಹಾಂಗ್‌ಕಾಂಗಿನಲ್ಲಿ ಹುಟ್ಟಿ ನೆದರ್ಲೆಂಡ್ಸ್‌ನಲ್ಲಿ ಬೆಳೆದ ಕಾಸಿಂಗ್ ಲುಂಗ್ ಎಂಬ ಕಲಾವಿದರು 2015ರಲ್ಲಿ ಮಕ್ಕಳ ಕಥೆಗಾಗಿ ಬರೆದ ಚಿತ್ರ ಅದು. ಚೀನಾದ ಪಾಪ್ ಮಾರ್ಟ್ ಸಂಸ್ಥೆ ಅದನ್ನು ಗೊಂಬೆ ಮಾಡಿ ಮುಚ್ಚಿದ ಪೆಟ್ಟಿಗೆಯಲ್ಲಿ ಮಾರಿತು. 2024ರಲ್ಲಿ ಲೀಸಾ ಎಂಬ ಗಾಯಕಿ ತನ್ನ ಚೀಲಕ್ಕೆ ಒಂದನ್ನು ತೂಗುಹಾಕಿಕೊಂಡ ಮೇಲೆ ಆಗ್ನೇಯ ಏಷ್ಯಾದಲ್ಲೆಲ್ಲ ಸಾಲುಗಳು ನಿಂತವು. 2025ರ ಜೂನ್‌ನಲ್ಲಿ ಬೀಜಿಂಗಿನ ಹರಾಜೊಂದರಲ್ಲಿ ಆಳೆತ್ತರದ ಲಬುಬು ಹತ್ತು ಲಕ್ಷ ಯುವಾನಿಗೂ ಮೀರಿದ ಬೆಲೆಗೆ ಹೋಯಿತು.

ಮುಚ್ಚಿದ ಪೆಟ್ಟಿಗೆಯ ಮರ್ಮವನ್ನು ನಮ್ಮ ವೃತ್ತಿಯವರಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಕೊಳ್ಳುವವರಿಗೆ ಒಳಗಿರುವುದು ಯಾವ ಬಣ್ಣದ ಗೊಂಬೆಯೆಂದು ತಿಳಿಯದು. ಒಂದು ಸರಣಿಯಲ್ಲಿ ಸಾಮಾನ್ಯ ಗೊಂಬೆಗಳ ಜೊತೆಗೆ ಒಂದು 'ಗುಪ್ತ' ಗೊಂಬೆ ಇರುತ್ತದೆ. ಅದು ಸಿಗುವ ಸಂಭವ ಎಪ್ಪತ್ತೆರಡರಲ್ಲಿ ಒಂದು. ಬೇಕಾದದ್ದು ಸಿಗದಿದ್ದರೆ ಇನ್ನೊಂದು ಪೆಟ್ಟಿಗೆ. ಸಿಕ್ಕರೆ, ಭಾಗ್ಯ ಒಲಿದಿದೆ ಎಂದು ಇನ್ನೊಂದು ಪೆಟ್ಟಿಗೆ. ಸೋಲು ಗೆಲುವು ಎರಡೂ ಅಂಗಡಿಯ ಕಡೆಗೇ ಕರೆದೊಯ್ಯುವ ಏರ್ಪಾಡು. ಪೆಟ್ಟಿಗೆ ಕೊಂಡರೆ ಮುಗಿಯಲಿಲ್ಲ. ಅದನ್ನು ತೆರೆಯುವ ಕ್ಷಣವನ್ನು ಚಿತ್ರೀಕರಿಸಿ ಗೆಳತಿಯರಿಗೆ ತೋರಿಸಬೇಕು. ಹಾಗೆ ತೋರಿಸಿದಾಗ ಕೊಂಡ ಮಗು ತಾನೇ ಜಾಹೀರಾತಾಗುತ್ತದೆ, ಸಂಬಳವಿಲ್ಲದೆ. ಈ ಮುಚ್ಚಿದ ಪೆಟ್ಟಿಗೆಯನ್ನು ಎಂಟು ವರ್ಷದೊಳಗಿನ ಮಕ್ಕಳಿಗೆ ಮಾರಬಾರದೆಂದು ಚೀನಾದಲ್ಲೇ 2023ರಲ್ಲಿ ಮಾರ್ಗಸೂಚಿ ಹೊರಟಿತು. ಎಂಟರ ಮೇಲಿನವರು ತಮ್ಮನ್ನು ತಾವು ಕಾಯ್ದುಕೊಳ್ಳಬಲ್ಲರೆಂಬ ನಂಬಿಕೆ ಅವರಿಗೆ ಎಲ್ಲಿಂದ ಬಂತೋ ತಿಳಿಯದು.

ನಮ್ಮ ಮಗಳು ಮೂರು ತಿಂಗಳ ಕೈಖರ್ಚಿನ ಹಣ ಕೂಡಿಟ್ಟು ಪೆಟ್ಟಿಗೆಗಳನ್ನು ಕೊಂಡಳು. ನಾವು ಗದರಿದೆವು. ಹಣದ ಬೆಲೆ ಗೊತ್ತಿಲ್ಲ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂಬ ಮಾಮೂಲು ಮಂತ್ರ. ಅವಳು ಅಳಲಿಲ್ಲ, ವಾದಿಸಲಿಲ್ಲ. "ಅಪ್ಪಾ, ನನ್ನ ತರಗತಿಯಲ್ಲಿ ಊಟದ ಹೊತ್ತಿಗೆ ಎಲ್ಲರೂ ಇದರ ಬಗ್ಗೆಯೇ ಮಾತಾಡುತ್ತಾರೆ. ನನ್ನ ಹತ್ತಿರ ಒಂದಿಲ್ಲದಿದ್ದರೆ ನಾನು ಎಲ್ಲಿ ಕೂರಲಿ?" ಎಂದಳು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ತೀರ್ಥಹಳ್ಳಿಯಲ್ಲಿ ನಮಗೆ ಕೂರಲು ಜಾಗ ಬೇಕಾದಷ್ಟಿತ್ತು. ಸೋದರತ್ತೆಯ ಮನೆ, ದೊಡ್ಡಪ್ಪನ ಮನೆ, ದೇವಸ್ಥಾನದ ಜಗಲಿ, ತುಂಗೆಯ ದಂಡೆ, ಎಲ್ಲವೂ ನಮ್ಮವೇ. ಹೊದಿಕೆ ಸಿಗದಿದ್ದರೆ ನಷ್ಟವಾಗುತ್ತಿದ್ದುದು ವಿಶ್ವಕಪ್ ಮಾತ್ರ. ಎಂಟನೆಯ ಮಹಡಿಯ ಈ ಮನೆಯಲ್ಲಿ ಬೆಳೆದ ನಮ್ಮ ಮಗಳಿಗೆ ಗೊಂಬೆ ಸಿಗದಿದ್ದರೆ ಆಗುವ ನಷ್ಟ ಬೇರೆ. ವ್ಯಾಪಾರಿ ಅವಳಿಗೆ ಮಾರಿದ್ದು ಗೊಂಬೆಯನ್ನಲ್ಲ, ಊಟದ ಮೇಜಿನ ಒಂದು ಕುರ್ಚಿಯನ್ನು. ವಲಸೆ ಬಂದ ಮನೆಯ ಮಕ್ಕಳಿಗೆ ಆ ಕುರ್ಚಿಯ ಅಗತ್ಯ ಇತರರಿಗಿಂತ ಹೆಚ್ಚು. ಅವರನ್ನು ಇಲ್ಲಿಗೆ ಕರೆತಂದವರು ನಾವೇ.

ಹಾಗೆಂದು ಮೂಲೆಯ ಮಾತೆಲ್ಲವೂ ಅಮೃತವಾಗಿತ್ತೆಂದು ಹೇಳಿದರೆ ಅದು ಆತ್ಮವಂಚನೆ. ಅದೇ ಅಜ್ಜಿ, ಅದೇ ಪೆಟ್ಟಿಗೆಯ ಮುಂದೆ, ಮುಖ ಬೆಳ್ಳಗೆ ಮಾಡುವ ಮುಲಾಮಿನ ಜಾಹೀರಾತು ಬಂದಾಗ ನಮ್ಮ ತಂಗಿಯ ಕಡೆ ತಿರುಗಿ, "ಇದನ್ನಾದರೂ ತಂದು ಹಚ್ಚಬಾರದೇ" ಎಂದಿದ್ದರು. ಆಗ ಯಾರೂ ನಗಲಿಲ್ಲ. ಹಿಂದೂಸ್ತಾನ್ ಲೀವರ್ ಸಂಸ್ಥೆ 1975ರಲ್ಲಿ ಫೇರ್ ಅಂಡ್ ಲವ್ಲಿಯನ್ನು ಮಾರುಕಟ್ಟೆಗೆ ತಂದಾಗ ಅದು ಹೊಸ ಆಸೆಯೊಂದನ್ನು ಸೃಷ್ಟಿಸಬೇಕಾದ ಕಷ್ಟವಿರಲಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ, ತೊಟ್ಟಿಲು ಬಗ್ಗಿ ನೋಡುವ ನೆಂಟರ ಉದ್ಗಾರದಲ್ಲಿ, "ಬಣ್ಣ ಸ್ವಲ್ಪ ಕಡಿಮೆ" ಎಂಬ ನಯವಾದ ಮಾತಿನಲ್ಲಿ ಆ ಅವಮಾನವನ್ನು ನಾವೇ ಬಿತ್ತಿ ಬೆಳೆಸಿದ್ದೆವು. ಕೊಯ್ದದ್ದಷ್ಟೇ ಅವರು. 2020ರಲ್ಲಿ ಜಗತ್ತಿನಾದ್ಯಂತ ವರ್ಣಭೇದದ ವಿರುದ್ಧ ದನಿಯೆದ್ದಾಗ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಬಂತು. ನಮ್ಮ ಮನೆಗಳಲ್ಲಿ ಮಾತು ಅಷ್ಟು ಬೇಗ ಬದಲಾಗಲಿಲ್ಲ. ಎರಡು ವರ್ಷದ ಹಿಂದೆ ಮಗಳ ಮೇಜಿನ ಖಾನೆಯಲ್ಲಿ ಅವಳ ವಯಸ್ಸಿಗೆ ಸಲ್ಲದ ಮುಖಲೇಪಗಳು ಸಿಕ್ಕವು. ಎಲ್ಲಿ ನೋಡಿದೆ, ಯಾರು ಹೇಳಿದರು ಎಂದು ನಾವು ವಿಚಾರಣೆ ನಡೆಸಿದೆವು. ಫೋನಿನವರು ಹೇಳಿದರು ಎಂಬ ಉತ್ತರದ ನಿರೀಕ್ಷೆ ನಮಗಿತ್ತು. ಅವಳು ಹೇಳಿದ್ದು ಬೇರೆ: "ಹೋದ ಸಲ ಊರಿಗೆ ಹೋದಾಗ ಮದುವೆ ಮನೆಯಲ್ಲಿ ಎಲ್ಲರೂ ಹೇಳಿದರಲ್ಲ, ಸಿಂಗಪುರದ ಬಿಸಿಲಿಗೆ ಕಪ್ಪಾಗಿದ್ದೀಯ ಅಂತ. ನೀವೂ ನಕ್ಕಿರಿ." ನಕ್ಕದ್ದು ನಮಗೆ ನೆನಪೇ ಇರಲಿಲ್ಲ.

ಮಾರುಕಟ್ಟೆಯನ್ನು ಬೈಯುವಾಗ ಇನ್ನೂ ಒಂದು ಮಾತನ್ನು ನಾವು ಮರೆಯುತ್ತೇವೆ; ನಾವೂ ಅದರ ಗಿರಾಕಿಗಳೇ. ಸಿಂಗಪುರದ ಕುಟುಂಬಗಳು ಖಾಸಗಿ ಪಾಠಕ್ಕೆ ಮಾಡಿದ ವೆಚ್ಚ 2018ರಲ್ಲಿ 140 ಕೋಟಿ ಡಾಲರ್; 2023ರಲ್ಲಿ 180 ಕೋಟಿ ಡಾಲರ್. ಇದು ಇಲ್ಲಿಯ ಸರ್ಕಾರಿ ಸಮೀಕ್ಷೆಯ ಲೆಕ್ಕ. ಪಾಠಶಾಲೆಗಳ ಜಾಹೀರಾತನ್ನು ಒಮ್ಮೆ ಎಚ್ಚರದಿಂದ ಓದಿ. 'ಸ್ಥಳಗಳು ತುಂಬುತ್ತಿವೆ', 'ನಿಮ್ಮ ಮಗು ಹಿಂದೆ ಬೀಳದಿರಲಿ'. ಮಗಳಿಗೆ ಗೊಂಬೆಯ ಅಂಗಡಿ ಹೇಳುವುದೂ ಇದನ್ನೇ: ಬೇಗ ಬಾ, ಇಲ್ಲದಿದ್ದರೆ ನೀನೊಬ್ಬಳೇ ಉಳಿಯುತ್ತೀ. ಅಕ್ಷಯ ತೃತೀಯದ ದಿನ ಸೆರಂಗೂನ್ ರಸ್ತೆಯ ಆಭರಣದ ಅಂಗಡಿಗಳ ಮುಂದೆ ನಿಲ್ಲುವ ಸಾಲಿನಲ್ಲಿ ಈ ಸಭೆಯ ಅನೇಕರನ್ನು ನಾವು ಕಂಡಿದ್ದೇವೆ, ನಾವೂ ನಿಂತಿದ್ದೆವಾದ್ದರಿಂದ. ಅಂದು ಚಿನ್ನ ಕೊಳ್ಳಲೇಬೇಕೆಂದು ನಮ್ಮ ಅಜ್ಜಿ ಎಂದೂ ಹೇಳಿದ್ದಿಲ್ಲ. ಹೇಳಿದ್ದು ಪತ್ರಿಕೆಯ ಪೂರ್ಣಪುಟದ ಜಾಹೀರಾತು. 2021ರಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ಲಿನ ಆ್ಯಪ್ ಒಂದಕ್ಕಾಗಿ ದ್ರಾವಿಡ್ ಇಂದಿರಾನಗರದ ಗೂಂಡಾ ಆಗಿ ಕಾರಿನಿಂದ ಹೊರಬಂದು ಅಬ್ಬರಿಸಿದಾಗ ಅದನ್ನು ಹಂಚಿದವರು ಯಾರು? ಮಕ್ಕಳಲ್ಲ. ನಮ್ಮ ಕುಟುಂಬದ ವಾಟ್ಸಪ್ ಗುಂಪಿನಲ್ಲೇ ಅದು ನಾಲ್ಕು ಸಲ ಬಂತು. ನಾವೂ ಒಮ್ಮೆ ಕಳುಹಿಸಿದೆವು.

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಮೈಸೂರು ಗಂಧದ ಸಾಬೂನಿನ ಕಾರ್ಖಾನೆಯೂ ಈ ನಿಯಮಕ್ಕೆ ಹೊರತಲ್ಲ. 2025ರಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿಯನ್ನಾಗಿ ನೇಮಿಸಿದಾಗ ಕನ್ನಡ ನಾಡಿನಲ್ಲಿ ಗದ್ದಲವೆದ್ದಿತು. ಕನ್ನಡದ ನಟಿಯೊಬ್ಬರು ಸಿಗಲಿಲ್ಲವೇ ಎಂಬುದೇ ಎಲ್ಲರ ಪ್ರಶ್ನೆ. ನೂರು ವರ್ಷ ಮೈಗೆ ಹಚ್ಚಿಕೊಂಡ ಪರಿಮಳಕ್ಕೆ ಒಂದು ಮುಖ ಏಕೆ ಬೇಕಾಯಿತೆಂಬ ಪ್ರಶ್ನೆ ಆ ಗದ್ದಲದಲ್ಲಿ ಕೇಳಲಿಲ್ಲ.

ಈಗ ಹೇಳಲು ಕಷ್ಟವಾಗುವ ಸಂಗತಿಗೆ ಬರುತ್ತೇವೆ. 2008ರಲ್ಲಿ ಐಪಿಎಲ್ ಆರಂಭವಾದಾಗ ಬೆಂಗಳೂರಿನ ತಂಡವನ್ನು ಕೊಂಡವರು ಮದ್ಯದ ಉದ್ಯಮಿಗಳು. ತಂಡದ ಹೆಸರಿನ ಮೊದಲರ್ಧ ರಾಯಲ್ ಚಾಲೆಂಜ್ ಎಂಬ ವಿಸ್ಕಿಯ ಹೆಸರಿನಿಂದ ಬಂದದ್ದು. ಭಾರತದ ಟೆಲಿವಿಷನ್ನಿನಲ್ಲಿ ಮದ್ಯದ ಜಾಹೀರಾತಿಗೆ ನಿಷೇಧವಿದೆ. ಆದರೆ ಹೆಸರಿಗೆ ನಿಷೇಧವಿಲ್ಲ. ಹದಿನೇಳು ವರ್ಷ ನಮ್ಮ ಹುಡುಗರು ಆ ಹೆಸರನ್ನು ಎದೆಯ ಮೇಲೆ ಧರಿಸಿದರು. ಪ್ರತಿ ವರ್ಷ ಕಪ್ ನಮ್ಮದೇ ಎಂದು ಕೂಗಿದರು, ಪ್ರತಿ ವರ್ಷ ಸೋತರು, ಮತ್ತೆ ಕೂಗಿದರು. ಅವರ ಪ್ರೀತಿ ಸುಳ್ಳಾಗಿರಲಿಲ್ಲ, ಇದನ್ನು ಒತ್ತಿ ಹೇಳಬೇಕು. ಸೋಲುವ ತಂಡವನ್ನು ಬಿಟ್ಟುಕೊಡದ ಆ ನಿಷ್ಠೆ ಯಾವ ಜಾಹೀರಾತುಗಾರನೂ ನಿರ್ಮಿಸಲಾರದಂಥದು. ಇಲ್ಲಿ ಹುಟ್ಟಿ ಕನ್ನಡ ಓದಲು ಬಾರದ ನಮ್ಮ ಎಷ್ಟೋ ಮಕ್ಕಳು ಗಟ್ಟಿಯಾಗಿ ಕೂಗುವ ಏಕೈಕ ಕನ್ನಡ ವಾಕ್ಯ ಆ ತಂಡದ್ದೇ. ಬೇರೆ ಯಾವುದೂ ಅವರಿಗೆ 'ನಮ್ಮದೇ' ಎನ್ನುವ ಅವಕಾಶವನ್ನು ಕೊಟ್ಟಿರಲಿಲ್ಲ.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ತಂಡ ಗೆದ್ದಿತು. ಮರುದಿನ ಬೆಳಗ್ಗಿನಿಂದಲೇ ವಿಜಯಯಾತ್ರೆಯ ಆಹ್ವಾನ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತು. ಸುಮಾರು 35,000 ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ನೆರೆದರು. ದ್ವಾರಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಮಡಿದರು. ಹೆಚ್ಚಿನವರು ಯುವಜನರು, ಅವರಲ್ಲಿ ಶಾಲೆಗೆ ಹೋಗುವ ಮಗುವೂ ಇತ್ತು. ಹೊಣೆ ಯಾರದೆಂಬುದನ್ನು ವಿಚಾರಣಾ ಆಯೋಗಕ್ಕೂ ನ್ಯಾಯಾಲಯಗಳಿಗೂ ಬಿಡೋಣ.

ನಮ್ಮ ತಂಗಿ ಬೆಂಗಳೂರಿನಲ್ಲಿದ್ದಾಳೆ. ಆ ಸಂಜೆ ಇಲ್ಲಿ ಏಳೂವರೆಯ ಹೊತ್ತಿಗೆ ಅವಳ ಕರೆ ಬಂತು. ಹದಿನೇಳು ವರ್ಷದ ಮಗ ಸ್ನೇಹಿತರೊಡನೆ ಹೋಗಿದ್ದಾನೆ, ಫೋನು ತಾಗುತ್ತಿಲ್ಲ. ಸಾವಿನ ಸುದ್ದಿ ಆಗತಾನೆ ಬರತೊಡಗಿತ್ತು. ಎರಡು ಗಂಟೆ ಕಾಲ ಸಮುದ್ರದ ಈಚೆ ಕುಳಿತು ನಾವು ಮಾಡಬಹುದಾದದ್ದು ಅವಳ ಉಸಿರನ್ನು ಕೇಳುತ್ತಿರುವುದಷ್ಟೇ. "ಅಣ್ಣಾ, ಬೆಳಿಗ್ಗೆ ಆ ಕೆಂಪು ಅಂಗಿ ಇಸ್ತ್ರಿ ಮಾಡಿಕೊಟ್ಟವಳು ನಾನೇ" ಎಂದು ಮೂರು ನಾಲ್ಕು ಸಲ ಹೇಳಿದಳು. ಹುಡುಗ ರಾತ್ರಿ ಮನೆಗೆ ಬಂದ. ಮೆಟ್ರೋ ವಿಧಾನಸೌಧದಲ್ಲೂ ನಿಂತಿರಲಿಲ್ಲ, ಕಬ್ಬನ್ ಪಾರ್ಕಿನಲ್ಲೂ ನಿಂತಿರಲಿಲ್ಲ, ಎಂ.ಜಿ. ರಸ್ತೆಯಲ್ಲಿ ಇಳಿದು, ಜನರನ್ನು ನೋಡಿ ಹೆದರಿ, ಹಿಂದಿರುಗಿದ್ದ. ಹನ್ನೊಂದು ಮನೆಗಳಿಗೆ ಮಕ್ಕಳು ಹಿಂದಿರುಗಲಿಲ್ಲ. ಏಕೆ ಹೋದೆಯೋ ಎಂದು ತಂಗಿ ಕೇಳಿದಾಗ ಅವನು ಹೇಳಿದ್ದು ಇಷ್ಟು: "ಎಲ್ಲರೂ ಬನ್ನಿ ಅಂತ ಕರೆದಿದ್ದರಲ್ಲಮ್ಮ." ಫೋನಿನಲ್ಲಿ ಬಂದ ಕರೆಯನ್ನು ಅವನು ತನಗೇ ಬಂದ ಕರೆಯೋಲೆಯೆಂದು ತಿಳಿದಿದ್ದ.

ಸರ್ಕಾರಗಳು ಏನೂ ಮಾಡಲಾರವೆಂದು ನಾವು ಹೇಳುವುದಿಲ್ಲ. ಸಿಂಗಪುರ 1971ರಷ್ಟು ಹಿಂದೆಯೇ ತಂಬಾಕಿನ ಜಾಹೀರಾತನ್ನು ನಿಲ್ಲಿಸಿತು. 2022ರ ಡಿಸೆಂಬರ್ 30ರಿಂದ ಪೊಟ್ಟಣದ ಪಾನೀಯಗಳಿಗೆ ಸಕ್ಕರೆ ಮತ್ತು ಕೊಬ್ಬಿನ ಅಂಶಕ್ಕನುಗುಣವಾಗಿ ದರ್ಜೆ ಬಂತು. ಕೊನೆಯ ದರ್ಜೆಯವುಗಳಿಗೆ ಜಾಹೀರಾತಿಲ್ಲ. ನಮ್ಮ ವೃತ್ತಿಯವರು ಆಗ ಗೊಣಗಿದರು. ಆದರೆ ಅನೇಕ ತಯಾರಕರು ಸಕ್ಕರೆ ಇಳಿಸಿದ್ದನ್ನು ನಾವೇ ಮುದ್ರಿಸಿದ ಹೊಸ ಹೊದಿಕೆಗಳಲ್ಲಿ ಕಂಡಿದ್ದೇವೆ. ಹದಿನಾರರೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ಬೇಡವೆಂಬ ಆಸ್ಟ್ರೇಲಿಯಾದ ಕಾನೂನು 2025ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಇವುಗಳಿಂದ ಒಳ್ಳೆಯದಾಗಲಿ. ಆದರೆ ಮದುವೆ ಮನೆಯಲ್ಲಿ ನಾವು ನಕ್ಕ ನಗುವಿಗೆ ಯಾವ ದರ್ಜೆಯ ಚೀಟಿಯನ್ನೂ ಅಂಟಿಸಲಾಗದು; ಊಟದ ಮೇಜಿನ ಕುರ್ಚಿಯನ್ನು ಯಾವ ಅಧಿನಿಯಮವೂ ಕೊಡಿಸಲಾರದು.

ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ದೊಡ್ಡ ಉಪಾಯವೇನಲ್ಲ, ಎಲ್ಲ ಮನೆಗೂ ಒಗ್ಗುತ್ತದೆಂದೂ ಹೇಳಲಾರೆವು. ಭಾನುವಾರ ಬೆಳಿಗ್ಗೆ ದೋಸೆಯ ಹೊತ್ತಿಗೆ ಮಗಳು ಆ ವಾರ ತನಗೆ ಬಂದ ಜಾಹೀರಾತುಗಳಲ್ಲಿ ಒಂದನ್ನು ತೋರಿಸುತ್ತಾಳೆ. ನಮಗೆ ಬಂದ ಒಂದನ್ನು ನಾವು ತೋರಿಸಬೇಕು. ಬೈಯುವಂತಿಲ್ಲ ಎಂಬುದು ಅವಳು ಹಾಕಿದ ಕರಾರು. ಕನ್ನಡದಲ್ಲೇ ಮಾತಾಡಬೇಕೆಂಬುದು ನಮ್ಮದು. ತೀರ್ಥಹಳ್ಳಿಯಿಂದ ನಮ್ಮ ತಾಯಿ ವೀಡಿಯೋ ಕರೆಯಲ್ಲಿ ಸೇರುತ್ತಾರೆ. ಅಂತೂ ಮೂಲೆಗೊಬ್ಬ ಅಜ್ಜಿ ದೊರೆತರು, ಎರಡು ಸಾವಿರ ಮೈಲಿ ದೂರದಲ್ಲಿದ್ದರೂ ಸರಿ.

ಮೊದಲ ವಾರಗಳು ಬಿಗುವಾಗಿಯೇ ಇದ್ದವು. ಒಂದು ಭಾನುವಾರ ಮಗಳು, ಹಣ ಪಡೆದು ವಸ್ತುಗಳನ್ನು ಹೊಗಳುವ ಆ ಕೋಣೆಯ ಹುಡುಗಿಯರ ಬಗ್ಗೆ ಅಜ್ಜಿಗೆ ವಿವರಿಸಲು ಹೋಗಿ ಕನ್ನಡ ಪದ ಸಿಗದೆ ತಡವರಿಸಿದಳು. ನಾವು 'ಪ್ರಾಯೋಜಿತ' ಎಂದೆವು. ನಮ್ಮ ತಾಯಿಗೆ ಅದು ಹಿಡಿಸಲಿಲ್ಲ. "ಏನಂದೆ? ದುಡ್ಡು ಇಸಕೊಂಡು ಹೊಗಳೋದಾ? ಅಷ್ಟೇನಾ? ಬಾಡಿಗೆ ಬಾಯಿ ಅನ್ನು ಪುಟ್ಟಿ" ಎಂದರು. ಮಗಳಿಗೆ ಆ ಮಾತು ಬಹಳ ಹಿಡಿಸಿತು. ಶಾಲೆಯಲ್ಲಿ ಚೀನೀ, ಮಲಯ ಗೆಳತಿಯರಿಗೂ ಕಲಿಸಿದ್ದಾಳಂತೆ; ಊಟದ ಮೇಜಿನಲ್ಲಿ ಈಗ ಅವರೆಲ್ಲ ಒಂದೊಂದು ವೀಡಿಯೋ ನೋಡಿ "ಬಾಡಿಗೆ ಬಾಯಿ, ಬಾಡಿಗೆ ಬಾಯಿ" ಎಂದು ಕೂಗುತ್ತಾರೆಂದು ಹೇಳಿದಳು. ಗೊಂಬೆ ಇನ್ನೂ ಅವಳ ಚೀಲದಲ್ಲಿ ತೂಗುತ್ತಿದೆ.

ಹೋದ ಭಾನುವಾರ ನಮ್ಮ ಸರದಿಗೆ ಒಂದು ಪಾಠಶಾಲೆಯ ಜಾಹೀರಾತನ್ನು ತೋರಿಸಿದೆವು. ಹಿಂದಿನ ವರ್ಷ ಪ್ರಥಮ ಬಂದ ಹುಡುಗನೊಬ್ಬ ಪದಕ ಹಿಡಿದು ತನ್ನ ಗುರುಗಳನ್ನು ಕೊಂಡಾಡುವ ವೀಡಿಯೋ ಅದು. ಮಗಳು ಪೂರ್ತಿ ನೋಡಿ, ದೋಸೆ ಮುರಿಯುತ್ತಾ ಕೇಳಿದಳು: "ಅಪ್ಪಾ, ಇವನೂ ಬಾಡಿಗೆ ಬಾಯಿಯೇ ಅಲ್ಲವಾ?" ಪರದೆಯ ಆಚೆ ನಮ್ಮ ತಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಆ ಶಾಲೆಯ ಪ್ರವೇಶಪತ್ರ ತುಂಬಿ ಇಟ್ಟಿದ್ದೇವೆ, ಹಣ ಇನ್ನೂ ಕಟ್ಟಿಲ್ಲ. ಕೊನೆಯ ದಿನಾಂಕ ಬರುವ ಶುಕ್ರವಾರ.